ಮೂರು ರಾಯರ ಹಬ್ಬದ ನೀರು

ಪತ್ರಿಕೆಯವರ ಪಾಲಿಗೆ ಕ್ರಿಸ್‌ಮಸ್ ಒಂದೇ ದಿನದ ಸುದ್ದಿ. ಮುನ್ನಾದಿನ ಚರ್ಚಿನ ದೀಪಾಲಂಕಾರದ ಚಿತ್ರ, ಮರುದಿನ ಪ್ರಾರ್ಥನೆಯ ಚಿತ್ರ, ಗಣ್ಯರು ಕೇಕು ಕತ್ತರಿಸಿದ್ದಕ್ಕೆ ಅರ್ಧ ಕಾಲಂ. ಹುಬ್ಬಳ್ಳಿಯ ಡೆಸ್ಕಿನಲ್ಲಿ ಕುಳಿತು ಆ ಚಿತ್ರಗಳಿಗೆ ಎಷ್ಟೋ ವರ್ಷ ನಾನೇ ಅಡಿಬರಹ ಬರೆದಿದ್ದೇನೆ. ‘ಸಂಭ್ರಮ’ ಎಂಬ ಪದ ಬಿಟ್ಟು ಒಂದನ್ನೂ ಬರೆದ ನೆನಪಿಲ್ಲ. ಆ ಹಬ್ಬ ಜನವರಿಯೊಳಕ್ಕೂ ನಡೆಯುತ್ತದೆ, ಮುಗಿಯುವುದಕ್ಕೆ ಅದಕ್ಕೊಂದು ಬೇರೆ ದಿನವೇ ಇದೆ ಎಂದು ತಿಳಿದದ್ದು ಮದುವೆಯಾದ ಮೇಲೆ.

ನನ್ನ ಹೆಂಡತಿಯದು ರೈಲ್ವೆ ಮನೆತನ. ಅಜ್ಜ ವರ್ಕ್‌ಶಾಪಿನಲ್ಲಿದ್ದರು, ಅಪ್ಪನೂ ಅಲ್ಲೇ ಇದ್ದು ತೀರಿಕೊಂಡರು. ಕ್ಯಾಥೊಲಿಕರು. ನಮ್ಮದು ನವಲಗುಂದ ಕಡೆಯ ಲಿಂಗಾಯತ ಮನೆ. ಮದುವೆ ರಿಜಿಸ್ಟರ್ ಕಚೇರಿಯಲ್ಲಿ ಆಯಿತು. ಎರಡೂ ಕಡೆಯವರು ಕೆಲವು ಕಾಲ ಮುನಿಸಿಕೊಂಡಿದ್ದು ಆಮೇಲೆ ಒಬ್ಬರ ಮನೆಯ ಊಟಕ್ಕೆ ಇನ್ನೊಬ್ಬರು ಬರತೊಡಗಿದರು. ಅತ್ತೆ ಡಿಸೆಂಬರ್ ನಡುವಿನಲ್ಲಿ ತಟ್ಟೆಗಳಲ್ಲಿ ಗೋದಿ ಬಿತ್ತಿ ಮೊಳಕೆ ಬರಿಸುತ್ತಿದ್ದರು. ಅದು ಗೋದಲಿಯ ಹುಲ್ಲು. ಗೋದಲಿ ಎಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಪ್ರತಿರೂಪ. ಪ್ರತಿ ಮನೆಯಲ್ಲಿ ಚಿಕ್ಕದೊಂದು, ಅವರು ಗುಡಿ ಎನ್ನುವ ಚರ್ಚಿನಲ್ಲಿ ದೊಡ್ಡದೊಂದು.

ಚರ್ಚಿನ ಗೋದಲಿಯಲ್ಲಿ ಮೂರು ರಾಯರ ಗೊಂಬೆಗಳನ್ನು ಕ್ರಿಸ್‌ಮಸ್ ದಿನವೇ ಕೂಸಿನ ಮುಂದೆ ನಿಲ್ಲಿಸುವುದಿಲ್ಲ. ಅವರು ಮೂಡಣ ದೇಶದಿಂದ ನಕ್ಷತ್ರ ನೋಡಿಕೊಂಡು ಕೂಸನ್ನು ಕಾಣಲು ಬರುತ್ತಿರುವ ಅರಸರು. ಅದಕ್ಕೆ ಪಕ್ಕದ ಬಾಗಿಲ ಹತ್ತಿರ, ಒಂಟೆ ಸಮೇತ ನಿಲ್ಲಿಸಿ, ದಿನಾ ಒಂದಿಷ್ಟು ಮುಂದಕ್ಕೆ ಸರಿಸುತ್ತಾರೆ. ಜನವರಿಯ ಮೊದಲ ಭಾನುವಾರಗಳಲ್ಲಿ ಒಂದು ದಿನ ಅವರು ಕೂಸಿನ ಎದುರು ಬಂದು ಮೊಣಕಾಲೂರುತ್ತಾರೆ. ಅದು ಮೂರು ರಾಯರ ಹಬ್ಬ. ಮುಂದಿನ ಭಾನುವಾರ, ಯೇಸು ದೊಡ್ಡವನಾಗಿ ನದಿಯಲ್ಲಿ ಸ್ನಾನ ಪಡೆದದ್ದರ ಹಬ್ಬ. ಅಂದು ಪೂಜೆ ಮುಗಿದ ಮೇಲೆ ಗೋದಲಿ ಬಿಚ್ಚುತ್ತಾರೆ. ಅದನ್ನು ಕಟ್ಟುವ ನಿವೃತ್ತ ಫಿಟ್ಟರ್ ಒಬ್ಬರು ನನಗೆ ಹೇಳುತ್ತಿದ್ದರು, “ನಮ್ಮ ರಾಯರು ಸರಕಾರಿ ಸಾಹೇಬ್ರ ಇದ್ದಂಗ ನೋಡ್ರಿ. ಬರೂದು ತಡಾ, ಬಂದ ಮ್ಯಾಲ ಒಂದ ವಾರಕ್ಕ ವರ್ಗಾ.”

ನಮ್ಮ ಮಗಳು ಹುಟ್ಟಿದ್ದು ಆ ಹಬ್ಬದ ಕಾಲದಲ್ಲಿ, ಡಿಸೆಂಬರ್‌ನ ಕೊನೆಗೆ. ಏಳು ತಿಂಗಳೂ ತುಂಬಿರಲಿಲ್ಲ. ಹೆಂಡತಿಯ ರಕ್ತದೊತ್ತಡ ಏರಿ, ಇನ್ನು ಕಾಯುವುದು ಇಬ್ಬರಿಗೂ ಅಪಾಯ ಎಂದು ಡಾಕ್ಟರು ಸಿಸೇರಿಯನ್ ಮಾಡಿದರು. ಕೂಸನ್ನು ಎರಡನೇ ಮಹಡಿಯ ತೀವ್ರ ನಿಗಾ ಘಟಕಕ್ಕೆ ಒಯ್ದರು. ಹೆಂಡತಿ ಮೊದಲ ಮಹಡಿಯ ಬಾಣಂತಿಯರ ವಾರ್ಡಿನಲ್ಲಿ ಉಳಿದಳು. ಒತ್ತಡ ಇಳಿಯದ ಕಾರಣ ಅವಳನ್ನು ಹಾಸಿಗೆಯಿಂದ ಏಳಲು ಬಿಡುತ್ತಿರಲಿಲ್ಲ. ಗಾಲಿಕುರ್ಚಿಯಲ್ಲಿ ಒಮ್ಮೆ ಕರೆದೊಯ್ದು, ಗಾಜಿನ ಆಚೆಯಿಂದ ತೋರಿಸಿ, ವಾಪಸ್ ತಂದರು.

ನನ್ನ ಕೆಲಸ ಎರಡು. ಅವಳು ಹಿಂಡಿಕೊಟ್ಟ ಹಾಲನ್ನು ಮೇಲೆ ಒಯ್ಯುವುದು, ಮೇಲಿನ ಸುದ್ದಿಯನ್ನು ಕೆಳಗೆ ತರುವುದು. ಹಾಲು ಬಾಟಲಿಯ ತಳ ಮುಚ್ಚುವಷ್ಟೂ ಇರುತ್ತಿರಲಿಲ್ಲ. ನರ್ಸು ಅದನ್ನು ಬೆಳಕಿಗೆ ಹಿಡಿದು ನೋಡಿ, ಸಿರಿಂಜಿಗೆ ಎಳೆದುಕೊಂಡು, ಕೂಸಿನ ಬಾಯಿಯ ನಳಿಕೆಗೆ ಬಿಡುತ್ತಿದ್ದಳು. ಕೂಸಿನ ಕೈ ನನ್ನ ಹೆಬ್ಬೆರಳಿನ ಎರಡು ಗೆಣ್ಣಿನಷ್ಟು. ಎದೆ ಯಂತ್ರದ ಉಸಿರಿಗೆ ಏರಿ ಇಳಿಯುತ್ತಿತ್ತು. ತಲೆಗೆ ಯಾರೋ ಹೆಣೆದ ಹಳದಿ ಟೊಪ್ಪಿಗೆ ಹಾಕಿದ್ದರು.

ಸುದ್ದಿಯ ಕೆಲಸ ನನಗೆ ಅಭ್ಯಾಸದ್ದು. ನಮ್ಮಲ್ಲಿ, ಗಾಯಾಳುವಿನ ಸ್ಥಿತಿ ಏನೂ ಗೊತ್ತಿಲ್ಲದಿದ್ದಾಗ ‘ಚಿಕಿತ್ಸೆಗೆ ಸ್ಪಂದಿಸುತ್ತಿದ್ದಾರೆ’ ಎಂದು ಬರೆಯುತ್ತೇವೆ. ಗೊತ್ತಿದ್ದು ಹೇಳಬಾರದಾಗ ‘ಸ್ಥಿರವಾಗಿದೆ’ ಎನ್ನುತ್ತೇವೆ. ನಾನು ಕೆಳಗೆ ಹೋಗಿ ದಿನಾ ಇವೆರಡನ್ನೇ ಹೇಳುತ್ತಿದ್ದೆ.

ಶನಿವಾರ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. ರಕ್ತಕ್ಕೆ ಸೋಂಕು ತಗಲಿದೆ, ಮಿದುಳಿನಲ್ಲಿ ರಕ್ತಸ್ರಾವವಾಗಿದೆ, ಪುಪ್ಪುಸ ಯಂತ್ರವಿಲ್ಲದೆ ನಡೆಯುವ ಸ್ಥಿತಿಯಲ್ಲಿಲ್ಲ ಎಂದರು. ನಾವು ಕೈ ಚೆಲ್ಲಿಲ್ಲ, ಆದರೆ ಭರವಸೆ ಕೊಡುವಂತೆಯೂ ಇಲ್ಲ, ಮನೆಯವರಿಗೆ ಹೇಳಿಡಿ ಎಂದರು. ಮಾತು ಸ್ಪಷ್ಟವಾಗಿತ್ತು, ಒಂದು ಪದವೂ ನನಗೆ ತಿಳಿಯದೆ ಹೋಗಲಿಲ್ಲ. ಕೆಳಗೆ ಹೋಗಿ, ಸ್ಥಿರವಾಗಿದೆ ಎಂದೆ. ಹೆಂಡತಿ, ಹಾಗಾದರೆ ನಾಳೆಗೆ ಇನ್ನೂ ಸ್ವಲ್ಪ ಹಾಲು ಆದೀತು ಎಂದಳು.

ಮರುದಿನ ಮೂರು ರಾಯರ ಹಬ್ಬ. ಅತ್ತೆ ಮುಂಜಾನೆಯ ಪೂಜೆ ಮುಗಿಸಿ ನೇರವಾಗಿ ಆಸ್ಪತ್ರೆಗೆ ಬಂದರು. ಕೈಯಲ್ಲಿ ಉಪ್ಪಿಟ್ಟಿನ ಡಬ್ಬಿ, ಸೆರಗಿನಲ್ಲಿ ಕಟ್ಟಿಕೊಂಡ ಒಂದು ಸುಣ್ಣದ ಕಡ್ಡಿ. ಆ ಹಬ್ಬದಲ್ಲಿ ಚರ್ಚಿನ ಗುರುಗಳು ಸೀಮೆಸುಣ್ಣ ಮಂತ್ರಿಸಿ ಕೊಡುತ್ತಾರೆ. ಮನೆಯ ಬಾಗಿಲ ಮೇಲೆ ಆ ವರ್ಷವನ್ನೂ ರಾಯರ ಗುರುತನ್ನೂ ಬರೆಯುವುದು ರೂಢಿ. ನಿಗಾ ಘಟಕದ ಬಾಗಿಲ ಮೇಲೆ ಬರೆಯಲು ಅತ್ತೆ ಕೈ ಎತ್ತಿದಾಗ ಕಾವಲಿನವನು, “ಯವ್ವಾ, ಇದು ಸಾಲಿ ಅಲ್ಲಬೇ” ಎಂದ. ಅತ್ತೆ, “ಸಾಲಿ ಆಗಿದ್ರ ನಿನ್ನ ಮೊದಲ ಹೊರಗ ನಿಲ್ಲಸ್ತಿದ್ದೆ” ಎಂದರು. ಅವನು ನಕ್ಕ, ಅವರು ನಗಲಿಲ್ಲ. ನನ್ನ ಮುಖ ನೋಡಿದರು. ಡಾಕ್ಟರು ಏನೆಂದರು ಎಂದು ಕೇಳಲಿಲ್ಲ. ಮೆಟ್ಟಿಲ ಬಳಿ ಕರೆದುಕೊಂಡು ಹೋದರು.

“ಅಳಿಯಾರ, ಕೂಸಿಗೆ ನೀರು ಹಾಕಬೇಕರಿ,” ಎಂದರು. “ಇವತ್ತ ಹಾಕಬೇಕು.”

ನೀರು ಹಾಕುವುದೆಂದರೆ ಜ್ಞಾನಸ್ನಾನ ಕೊಡುವುದು. ಗುರುಗಳು ಬೇಕಲ್ಲವೇ ಎಂದೆ. ಗುರುಗಳು ಕಲಘಟಗಿ ಕಡೆಯ ಹಳ್ಳಿಗೆ ಪೂಜೆಗೆ ಹೋಗಿದ್ದರು, ಇದ್ದಿದ್ದರೂ ಒಳಗೆ ಬಿಡುತ್ತಿದ್ದುದು ತಾಯಿ ತಂದೆಯನ್ನು ಮಾತ್ರ. ಅತ್ತೆ ಇದನ್ನೆಲ್ಲ ಯೋಚಿಸಿಯೇ ಬಂದಿದ್ದರು. ತುರ್ತಿನಲ್ಲಿ ಯಾರು ಬೇಕಾದರೂ ನೀರು ಹಾಕಬಹುದು, ಕ್ರೈಸ್ತರೇ ಆಗಿರಬೇಕೆಂದಿಲ್ಲ, ನೀರು ತಾಗಬೇಕು, ಪಿತ, ಸುತ, ಪವಿತ್ರಾತ್ಮರ ಹೆಸರಿನಲ್ಲಿ ಸ್ನಾನ ಕೊಡುತ್ತೇನೆ ಎಂಬ ಒಂದು ಮಾತು ಪೂರ್ತಿ ಹೇಳಬೇಕು, ನಮ್ಮ ಧರ್ಮಸಭೆ ಮಾಡುವುದನ್ನೇ ಮಾಡುತ್ತೇನೆಂಬ ಮನಸ್ಸಿರಬೇಕು ಎಂದು ವಿವರಿಸಿದರು. ಹೆಸರು ಇಟ್ಟಿರಲಿಲ್ಲ. ಅದಿಲ್ಲದಿದ್ದರೂ ನಡೆಯುತ್ತದೆ ಎಂದರು.

ಆಮೇಲೆ ಅವರು ಹೇಳಿದ್ದು ಇಷ್ಟು: “ನನ್ನ ಮೊದಲನೇದು ಗಂಡು. ರೈಲ್ವೆ ದವಾಖಾನ್ಯಾಗ ನೀರಿಲ್ಲದ ಹೋತು. ಯಾರಿಗೂ ಹೊಳೀಲಿಲ್ಲ. ನಂಗ ಇನ್ನೊಮ್ಮೆ ಅದು ಆಗೂದಿಲ್ಲರಿ.”

ನಮ್ಮ ಮನೆಯಲ್ಲಿ ಕೂಸು ಹುಟ್ಟಿದ ಕೆಲವೇ ದಿನಗಳಲ್ಲಿ ಅಯ್ಯನವರು ಬಂದು ಲಿಂಗ ಕಟ್ಟುತ್ತಾರೆ. ಹೊಸದಾಗಿ ಹುಟ್ಟಿಬಂದವರನ್ನು ಒಳಗೆ ಕರೆದುಕೊಳ್ಳುವ ಕೆಲಸ ಅದು. ಮನೆಯಲ್ಲಿ ಹುಗ್ಗಿ ಮಾಡುತ್ತಾರೆ. ಜ್ಞಾನಸ್ನಾನವನ್ನೂ ನಾನು ಅದೇ ಸಾಲಿಗೆ ಸೇರಿಸಿಕೊಂಡಿದ್ದೆ. ಆಸ್ಪತ್ರೆಯಲ್ಲಿ, ಗುರುಗಳಿಲ್ಲದೆ, ಅವಸರದಲ್ಲಿ ಹಾಕುವ ನೀರಿಗೆ ಅವರ ಮನೆಗಳಲ್ಲಿ ಬೇರೆಯೇ ಅರ್ಥವಿದೆ ಎಂಬುದು ನನಗೆ ತಿಳಿದಿರಲಿಲ್ಲ. ತಾಯಿಯ ಕಡೆಯಿಂದ ಕೂಸಿಗೆ ಸಲ್ಲಬೇಕಾದದ್ದು ಒಂದು, ಸಲ್ಲಲಿ ಎಂದುಕೊಂಡು ಒಪ್ಪಿದೆ.

ಒಳಗಿದ್ದ ನರ್ಸು ಹಳೇ ಹುಬ್ಬಳ್ಳಿಯ ಮುಸ್ಲಿಂ ಹೆಣ್ಣುಮಗಳು. ಅತ್ತೆ ಚರ್ಚಿನಿಂದ ತಂದಿದ್ದ ಮಂತ್ರಿಸಿದ ನೀರಿನ ಪುಟ್ಟ ಬಾಟಲಿಯನ್ನು ನಾನು ತೋರಿಸಿದಾಗ ಬೇಡವೆಂದು ತಲೆಯಾಡಿಸಿದಳು. ಹೊರಗಿನ ನೀರು ಒಳಗೆ ನಡೆಯುವುದಿಲ್ಲ ಎಂದಳು. ನಾನು ಹಿಂದಿರುಗಲು ತಿರುಗಿದೆ. ಅವಳೇ ಕರೆದು, ಇಂಜೆಕ್ಷನ್ನಿಗೆ ಬಳಸುವ ಶುದ್ಧ ನೀರಿನ ಪುಟ್ಟ ಸೀಸೆಯೊಂದನ್ನು ತೆಗೆದಳು. ತಣ್ಣೀರು ಕೂಸಿಗೆ ತಡೆಯದು ಎಂದು ಅದನ್ನು ಕೂಸು ಮಲಗಿದ್ದ ಕಾವಿನ ಗಾಜಿನ ಪೆಟ್ಟಿಗೆಯೊಳಗೇ ಇಟ್ಟು ಬೆಚ್ಚಗಾಗಲು ಬಿಟ್ಟಳು. “ಎಷ್ಟ ಹನಿ ಬೇಕ್ರಿ?” ಎಂದಳು. ನಾನು ಅದನ್ನು ಕೇಳಿಕೊಂಡು ಬಂದಿರಲಿಲ್ಲ.

ಟೊಪ್ಪಿಗೆಯನ್ನು ಅವಳೇ ಮೇಲಕ್ಕೆ ಸರಿಸಿದಳು. ಪೆಟ್ಟಿಗೆಯ ಕಿಂಡಿಯಲ್ಲಿ ಕೈ ತೂರಿಸಿ, ಸಿರಿಂಜಿನಿಂದ ಹಣೆಯ ಮೇಲೆ ನೀರು ಬಿಟ್ಟು, ಮುಖಗವಸಿನ ಒಳಗೆ ಆ ಮಾತನ್ನು ಹೇಳಿದೆ. ನೀರು ಕಿವಿಯ ಕಡೆ ಹರಿಯಿತು. ಕೂಸು ಮುಖ ಕಿವಿಚಿತು. ನರ್ಸು ಹತ್ತಿಯಿಂದ ಒರೆಸಿ ಟೊಪ್ಪಿಗೆಯನ್ನು ಮತ್ತೆ ಎಳೆದಳು. ಹೊರಗೆ ಅತ್ತೆ ಗೋಡೆಗೆ ಆತು ನಿಂತಿದ್ದರು. ಆಯಿತು ಎಂದೆ. ಆ ಎಂಟು ದಿನಗಳಲ್ಲಿ ಮೊದಲ ಸಲ ಅವರು ಅತ್ತರು. ಆಮೇಲೆ ನನಗೆ ಉಪ್ಪಿಟ್ಟು ಹಾಕಿಕೊಟ್ಟರು.

ನನಗಿಂತ ಮೊದಲು ಅವರು ಕೆಳಗೆ ಹೋದರು. ನಾನು ವಾರ್ಡಿಗೆ ಹೋಗುವ ಹೊತ್ತಿಗೆ ನೀರು ಹಾಕಿದ್ದನ್ನು ಹೇಳಿ ಮುಗಿಸಿದ್ದರು. ಅತ್ತೆ ಸಮಾಧಾನ ತಂದೆನೆಂಬ ಮುಖದಲ್ಲಿ ಮಂಚದ ಪಕ್ಕ ಕೂತಿದ್ದರು. ಹೆಂಡತಿ ಗೋಡೆಯ ಕಡೆ ನೋಡುತ್ತಿದ್ದಳು. ನಾನು ಬಂದದ್ದು ಗೊತ್ತಾದ ಮೇಲೂ ತಿರುಗಲಿಲ್ಲ.

“ಡಾಕ್ಟರ್ ಏನಂದ್ರು?” ಎಂದಳು.

ಚಿಕಿತ್ಸೆಗೆ ಸ್ಪಂದಿಸುತ್ತಿದೆ ಎಂದೆ.

“ಸುಳ್ಳ ಹೇಳಬ್ಯಾಡ್ರಿ. ಬದಕೂ ಕೂಸಿಗೆ ಯಾರೂ ದವಾಖಾನ್ಯಾಗ ನೀರು ಹಾಕೂದಿಲ್ಲ. ಬದಕೂ ಕೂಸಿಗೆ ಬಿಳಿ ಅಂಗಿ ಹಾಕಿ ಗುಡಿಗೆ ಒಯ್ತಾರ. ಕೈ ಬಿಡಾಕ ನಿಮಗ ಯಾರು ಹೇಳಿದ್ರು?” ಎಂದಳು.

ನಾನು ಕೈ ಬಿಟ್ಟಿಲ್ಲ ಎಂದೆ. ಲಿಂಗ ಕಟ್ಟುವುದರ ಮಾತೂ ಆಡಿದೆ. ನನ್ನ ಕಿವಿಗೇ ಅದು ಬೇರೆ ಯಾರದೋ ಮನೆಯ ಕಥೆಯಂತೆ ಕೇಳಿಸಿತು. ಅತ್ತೆಗೆ ತಾನು ಏನು ಸುದ್ದಿ ಕೊಟ್ಟೆನೆಂದು ಆಗ ಹೊಳೆಯಿತು. ಮಗಳ ಕಾಲು ಒತ್ತತೊಡಗಿದರು. ಅವಳು ಕಾಲು ಎಳೆದುಕೊಂಡಳು.

ಆ ಸಂಜೆಯೇ ಅವಳು ಮೇಲೆ ಹೋಗುತ್ತೇನೆಂದು ಹಟ ಹಿಡಿದಳು. ಒತ್ತಡ ನೋಡಿದ ಡಾಕ್ಟರು ಬೇಡ ಎಂದರು. ಅವಳು ಹೊಲಿಗೆ ಹಿಡಿದುಕೊಂಡು ಎದ್ದು ನಿಂತಳು. ಕೊನೆಗೆ ಗಾಲಿಕುರ್ಚಿ ಕೊಟ್ಟರು. ಅಂದಿನಿಂದ ಅವಳು ಹಗಲೆಲ್ಲ ಪೆಟ್ಟಿಗೆಯ ಪಕ್ಕ, ಕಿಂಡಿಯಲ್ಲಿ ಒಂದು ಕೈ ಇಟ್ಟು ಕೂತಳು. ಕೂಸಿನ ಪಾದ ಅವಳ ಬೆರಳಿಗೆ ತಾಗಿರುತ್ತಿತ್ತು. ನನ್ನೊಡನೆ ಬೇಕಾದಷ್ಟೇ ಮಾತು. ನಾನು ತಂದ ಸುದ್ದಿಯನ್ನು ಕೇಳುವುದು ಬಿಟ್ಟಳು. ನರ್ಸುಗಳನ್ನೇ ಕೇಳುತ್ತಿದ್ದಳು, ಅವರು ಡಾಕ್ಟರನ್ನು ಕೇಳಿ ಎನ್ನುತ್ತಿದ್ದರು, ಡಾಕ್ಟರು ಬರುವ ಹೊತ್ತಿಗೆ ಅವಳನ್ನು ಮದ್ದಿಗೆ ಕೆಳಗೆ ಒಯ್ದಿರುತ್ತಿದ್ದರು.

ವಾರದ ನಡುವೆ ಕೂಸು ಸ್ವಲ್ಪ ಚೇತರಿಸಿಕೊಂಡಿತು. ಉಸಿರಿನ ಯಂತ್ರದ ಒತ್ತಡ ಕಡಿಮೆ ಮಾಡಿದರು. ಹೆಂಡತಿ ತನ್ನ ತಾಯಿಯೊಡನೆ ಮಾತಾಡಿದಳು, ಒಂದು ಹೊತ್ತು ಸರಿಯಾಗಿ ಉಂಡಳು. ಶುಕ್ರವಾರ ಸೋಂಕು ಮರುಕಳಿಸಿತು. ಶನಿವಾರ ಡಾಕ್ಟರು ಮತ್ತೆ ನನ್ನನ್ನೇ ಕರೆದು, ಹಿಂದಿನ ಮಾತಿಗಿಂತ ಚಿಕ್ಕದಾದ ಮಾತು ಹೇಳಿದರು. ಬಹಳ ಸಮಯವಿಲ್ಲ ಎಂದರು. ಆಗಲೂ ನಾನು ಅದನ್ನು ಮುಂದಕ್ಕೆ ದಾಟಿಸಲಿಲ್ಲ.

ಭಾನುವಾರ ಬೆಳಿಗ್ಗೆ ಹೆಂಡತಿಯೇ ಕರೆದಳು. “ಗುಡಿಗೆ ಹೋಗ್ರಿ,” ಎಂದಳು. “ಫಾದರ್‌ಗೆ ಹೇಳ್ರಿ, ನಂಗ ನಂಬಿಗಿ ಇದ್ದಿಲ್ಲ, ಅತ್ತಿ ಹೇಳಿದ್ರಂತ ನೀರು ಬಿಟ್ಟೆ, ಅದು ಲೆಕ್ಕಕ್ಕಿಲ್ಲ ಅನ್ರಿ. ಇಕಿ ಮನಿಗೆ ಬರ್ತಾಳ. ಬಂದ ಮ್ಯಾಲ ಅವರ ಹಾಕ್ಲಿ.”

ಅವಳ ಲೆಕ್ಕ ನನಗೆ ಅರ್ಥವಾಯಿತು. ಆ ನೀರು ಸುಳ್ಳಾದರೆ ಅದು ಹೇಳಿದ ಸುದ್ದಿಯೂ ಸುಳ್ಳಾಗುತ್ತದೆ. ವಾದಿಸಲಿಲ್ಲ. ಆಟೊ ಹಿಡಿದು ಹೋದೆ.

ಅಂದು ಯೇಸುವಿನ ಸ್ನಾನದ ಹಬ್ಬ. ಪೂಜೆ ಮುಗಿದು ಜನ ಹೊರಟಿದ್ದರು. ಗೋದಲಿ ಬಿಚ್ಚುವ ಕೆಲಸ ನಡೆದಿತ್ತು. ಫಿಟ್ಟರ್ ಏಣಿಯ ಮೇಲಿಂದ ಮಾಲೆ ದೀಪ ಇಳಿಸುತ್ತಿದ್ದರು. ಇಬ್ಬರು ಹೆಂಗಸರು ಒಣಗಿದ ಗೋದಿ ಹುಲ್ಲಿನ ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತಿದ್ದರು. ರಾಯರು ಹಳೆಯ ಪತ್ರಿಕೆಯಲ್ಲಿ ಸುತ್ತಿಸಿಕೊಂಡು ರಟ್ಟಿನ ಪೆಟ್ಟಿಗೆಯಲ್ಲಿ ಅಡ್ಡ ಮಲಗಿದ್ದರು. ಫಿಟ್ಟರ್ ನನ್ನನ್ನು ನೋಡಿ, ಕೂಸು ಹೇಗಿದೆ ಎಂದು ಕೇಳಲು ಬಾಯಿ ತೆರೆದು, ಕೇಳದೆ, ಗುರುಗಳು ಒಳಗಿದ್ದಾರೆ ಎಂದರು.

ಗುರುಗಳು ನಮ್ಮ ಕಡೆಯವರೇ, ಗದಗಿನ ಹತ್ತಿರದವರು. ಕುರ್ಚಿ ಎಳೆದು ಕೂರಿಸಿದರು. ಹೆಂಡತಿ ಹೇಳಿಕಳಿಸಿದ್ದನ್ನು ನಾನು ಅವಳ ಮಾತು ಎಂದೇ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಒಂದೊಂದಾಗಿ ವಿಚಾರಿಸಿದರು. ನೀರು ಎಲ್ಲಿ ತಾಗಿತು? ಹಣೆಗೆ. ಹರಿಯಿತೇ? ಹರಿಯಿತು. ಮಾತು ಪೂರ್ತಿ ಹೇಳಿದಿರೇ? ಹೇಳಿದೆ.

“ನಮ್ಮ ಸಭಾ ಮಾಡೂದನ್ನ ನಾ ಮಾಡ್ತೇನಿ ಅನ್ನೂ ಮನಸಿತ್ತೇನ್ರಿ?” ಎಂದರು.

ಇಲ್ಲ ಎಂದುಬಿಡಬಹುದಿತ್ತು. ಅದನ್ನು ಪರೀಕ್ಷಿಸಲು ಅವರಿಗೆ ನನ್ನ ಮಾತು ಬಿಟ್ಟು ಬೇರೆ ಆಧಾರವಿರಲಿಲ್ಲ. ಇಲ್ಲ ಎಂದಿದ್ದರೆ ಹೆಂಡತಿಗೆ ಬೇಕಾದ ಉತ್ತರ ಸಿಗುತ್ತಿತ್ತು. ಕಿಂಡಿಯಲ್ಲಿ ಕೈ ಇಟ್ಟಾಗ ಏನಿತ್ತೆಂದು ನೆನಪಿಸಿಕೊಂಡೆ. ಆ ಹೊತ್ತಿಗೆ ಸರಿಯಾಗಿ ಮಾಡಬೇಕು, ತಪ್ಪಬಾರದು ಎಂಬುದು ಬಿಟ್ಟರೆ ನನ್ನಲ್ಲಿ ಇನ್ನೇನೂ ಇರಲಿಲ್ಲ.

“ಇತ್ರಿ,” ಎಂದೆ.

“ಹಂಗಾದ್ರ ಅದು ಆತ್ರಿ. ನಾ ತಗೀತೇನಿ ಅಂದ್ರೂ ಬರೂದಿಲ್ಲ.” ಅವರು ತಮ್ಮ ಕುರ್ಚಿಯನ್ನು ನನ್ನ ಹತ್ತಿರ ಸರಿಸಿದರು. “ನೀರು ಸಾಯೂದಕ್ಕ ಹಾಕೂದಲ್ಲ. ಕೂಸಿಗೆ ಹಾಕೂದು. ಅಕಿಗೆ ಅದನ್ನ ನಾ ಬಂದು ಹೇಳ್ತೇನಿ. ಡಾಕ್ಟರ್ ಹೇಳಿದ್ದು ಯಾರು ಹೇಳವರು?”

ಹೇಳಿಲ್ಲ ಎಂದೆ. ಅವರು ಬೈಯಲಿಲ್ಲ. ನಿಮ್ಮ ಅತ್ತೆ ಅರ್ಧ ಹೇಳಿದ್ದಾರೆ, ಉಳಿದರ್ಧವನ್ನು ಆಕೆ ಒಬ್ಬಳೇ ಹೊತ್ತುಕೊಂಡು ಕೂತಿದ್ದಾಳೆ, ನಾನು ಬರುವುದಕ್ಕಿಂತ ಮೊದಲು ನೀವು ಹೋಗಿ ಎಂದರು.

ಹೋದೆ. ಹೆಂಡತಿ ಎರಡನೇ ಮಹಡಿಯ ಕಾರಿಡಾರಿನಲ್ಲಿ ಗಾಲಿಕುರ್ಚಿಯಲ್ಲಿದ್ದಳು; ಒಳಗೆ ಕೂಸಿಗೆ ರಕ್ತ ಕೊಡುತ್ತಿದ್ದ ಕಾರಣ ಹೊರಗೆ ಕಳಿಸಿದ್ದರು. ಅತ್ತೆ ಪಕ್ಕದಲ್ಲಿದ್ದರು. ಮೊದಲು ಗುರುಗಳ ಉತ್ತರ ಹೇಳಿದೆ. ನಾನು ಕೊಟ್ಟ ಉತ್ತರವನ್ನೂ ಹೇಳಿದೆ. ಅವಳ ಮುಖ ಗಟ್ಟಿಯಾಯಿತು. ನಂತರ ಡಾಕ್ಟರು ಹೋದ ಶನಿವಾರ ಹೇಳಿದ್ದು, ನಿನ್ನೆ ಹೇಳಿದ್ದು, ಎರಡನ್ನೂ ಅವರು ಹೇಳಿದ ಕ್ರಮದಲ್ಲೇ ಹೇಳಿದೆ. ಮಿದುಳಿನ ರಕ್ತಸ್ರಾವ ಎಂದಾಗ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಹೆಂಡತಿ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದಳು.

“ಅಕಿಗೆ ನೋವು ಆಗಾಕತ್ತೈತೇನು?”

ಅದು ನನಗೆ ಗೊತ್ತಿರಲಿಲ್ಲ. ಎರಡು ಸಲ ಡಾಕ್ಟರ ಎದುರು ನಿಂತವನು ಅದನ್ನು ಕೇಳಿರಲಿಲ್ಲ. ಕುರ್ಚಿ ತಳ್ಳಿಕೊಂಡು ಇಬ್ಬರೂ ಡಾಕ್ಟರ ಕೋಣೆಗೆ ಹೋದೆವು. ನೋವಾಗದಂತೆ ಔಷಧಿ ಕೊಡುತ್ತಿದ್ದೇವೆ ಎಂದರು. ಅವಳು ಇನ್ನೂ ಹಲವನ್ನು ಕೇಳಿದಳು. ಸೂಜಿ ಎಷ್ಟು ಸಲ ಚುಚ್ಚುತ್ತೀರಿ, ಅವಳಿಗೆ ನನ್ನ ದನಿ ಕೇಳುತ್ತದೆಯೇ, ಎತ್ತಿಕೊಂಡರೆ ಏನಾಗುತ್ತದೆ. ಕೊನೆಯದಕ್ಕೆ ಡಾಕ್ಟರು, ಈಗ ಎತ್ತಿಕೊಂಡರೂ ಒಂದೇ, ಇಟ್ಟರೂ ಒಂದೇ ಎಂದರು. ಅವಳು, “ಹಂಗಿದ್ರ ಕೊಡ್ರಿ,” ಎಂದಳು.

ಗುರುಗಳು ಸಂಜೆ ಬಂದು ಕಾರಿಡಾರಿನಲ್ಲೇ ಅವಳ ಪಕ್ಕ ಬೆಂಚಿನ ಮೇಲೆ ಕೂತು ಮಾತಾಡಿದರು. ಏನೆಂದು ನಾನು ವಿಚಾರಿಸಲಿಲ್ಲ. ಅವಳು ಆ ನೀರನ್ನು ಕ್ಷಮಿಸಿದಳೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು.

ಸೋಮವಾರ ಮಧ್ಯಾಹ್ನ ಅದೇ ನರ್ಸು ಪಾಳಿಯಲ್ಲಿದ್ದಳು. ಪರದೆ ಎಳೆದು, ಆರಾಮ ಕುರ್ಚಿ ತರಿಸಿ, ಹೆಂಡತಿಯ ರವಿಕೆಯ ಗುಂಡಿ ತಾನೇ ಬಿಚ್ಚಿ, ನಳಿಕೆಗಳ ಸಮೇತ ಕೂಸನ್ನು ಎದೆಯ ಮೇಲೆ ಮಲಗಿಸಿದಳು. ಹುಟ್ಟಿದ ಮೇಲೆ ತಾಯಿ ಅವಳನ್ನು ಎತ್ತಿಕೊಂಡದ್ದು ಅದೇ ಮೊದಲು. ನಾನು ನಳಿಕೆ ಎಳೆಯದಂತೆ ಕೈಯಲ್ಲಿ ಹಿಡಿದು ನಿಂತಿದ್ದೆ. ಹೆಂಡತಿ ಮನೆಯ ಸುದ್ದಿ ಹೇಳುತ್ತಿದ್ದಳು. ಅಜ್ಜಿ ಉಪ್ಪಿಟ್ಟಿಗೆ ಉಪ್ಪು ಹೆಚ್ಚು ಹಾಕುತ್ತಾಳೆ, ನವಲಗುಂದದ ಅಜ್ಜಿ ನಿನಗೆ ಕುಲಾಯಿ ಟೊಪ್ಪಿಗೆ ಹೊಲಿದಿದ್ದಾಳೆ, ನಿಮ್ಮಪ್ಪ ಪತ್ರಿಕೆ ಓದುತ್ತಾ ಚಹಾ ಆರಿಸುತ್ತಾನೆ. ನಡುವೆ ನನ್ನ ಕಡೆ ನೋಡಿ, “ನೀವೂ ಏನರ ಹೇಳ್ರಿ,” ಎಂದಳು. ಹೊರಗೆ ಬಿಸಿಲಿದೆ ಎಂದೆ.

ಕೂಸು ಅವಳ ಎದೆಯ ಮೇಲೆಯೇ ಹೋಯಿತು. ಯಂತ್ರ ಇನ್ನೂ ಉಸಿರು ಊದುತ್ತಿದ್ದುದರಿಂದ ನಮಗೆ ಗೊತ್ತಾಗಲಿಲ್ಲ. ನರ್ಸು ಬಂದು ಮಾನಿಟರಿನ ಸಂಖ್ಯೆ ನೋಡಿ, ಡಾಕ್ಟರನ್ನು ಕರೆದು, ಆಮೇಲೆ ಯಂತ್ರ ಆರಿಸಿದಳು. ಆ ಸದ್ದು ನಿಂತಾಗ ಹೆಂಡತಿ ಹೇಳುತ್ತಿದ್ದ ಮಾತು ಅರ್ಧದಲ್ಲಿತ್ತು. ಅವಳು ಅದನ್ನು ಪೂರ್ತಿ ಹೇಳಿ ಮುಗಿಸಿದಳು.